ರಕ್ಷಣೆಯೂ ನ್ಯಾಯವೂ: ಎಂ. ಎಂ. ಥಾಮಸರ ಜೀವಿತಚರಿತ್ರೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ಒಂದು ಪ್ರಶ್ನೆಯು ಆಗಾಗ್ಗೆ ಏಳುವದುಂಟು. ಉಪದೇಶಿಯು ಭಾನುವಾರದ ಪ್ರಸಂಗದಲ್ಲಿ ಕೂಲಿ, ಸಾಲ, ಬಡ್ಡಿ, ಭೂಮಿ ಇವುಗಳ ಮಾತನ್ನೆತ್ತಿದರೆ, ಇದು ಲೋಕದ ವ್ಯವಹಾರವೇ ಹೊರತು ಸುವಾರ್ತೆಯಲ್ಲವೆಂದು ಕೆಲವರು ಬೇಸರಪಡುತ್ತಾರೆ. ಅವನು ಪಾಪಕ್ಷಮೆಯನ್ನೂ ಪರಲೋಕವನ್ನೂ ಕುರಿತು ಮಾತ್ರ ಹೇಳಿ ಮುಗಿಸಿದರೆ, ಮಳೆಯಿಲ್ಲದೆ ಕಡಲೇಕಾಯಿ ಒಣಗಿಹೋದವನೂ, ದಿನಗೂಲಿಯಲ್ಲಿ ಅರ್ಧವನ್ನು ಸಾಲಕ್ಕೆ ಮುರಿಸಿಕೊಂಡವನೂ ತಮ್ಮ ಸಂಕಟಕ್ಕೂ ಈ ಉಪದೇಶಕ್ಕೂ ಏನು ಸಂಬಂಧವೆಂದು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತಾರೆ. ಈ ಪ್ರಶ್ನೆಯು ನಮ್ಮ ಸೀಮೆಯವರಿಗೆ ಮಾತ್ರ ಹುಟ್ಟಿದ್ದೆಂದು ಯಾರೂ ನೆನಸಬಾರದು. ಲೋಕದ ಕ್ರೈಸ್ತಸಭೆಗಳೆಲ್ಲಾ ಕೂಡಿದ ಮಹಾಸಭೆಗಳಲ್ಲಿ ಇದೇ ದೊಡ್ಡ ವಿವಾದವಾಯಿತು. ಆ ವಿವಾದದ ನಟ್ಟನಡುವೆ ನಿಂತವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿದ್ದುಕೊಂಡು ಸುಮಾರು ಹದಿನೆಂಟು ವರುಷ ಕೆಲಸಮಾಡಿದವರು. ಅವರೇ ಎಂ. ಎಂ. ಥಾಮಸರು. ಅವರ ಚರಿತ್ರೆಯನ್ನು ತಿಳಿದುಕೊಳ್ಳುವದು ನಮಗೆ ಪ್ರಯೋಜನಕರವಾದದ್ದು.

೧. ಜನನವೂ ವಿದ್ಯಾಭ್ಯಾಸವೂ

ಥಾಮಸರು ೧೯೧೬ನೆಯ ಇಸವಿ ಮೇ ತಿಂಗಳ ೧೫ನೆಯ ತಾರೀಖಿನಲ್ಲಿ, ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ಕೋಳಂಚೇರಿ ಎಂಬ ಊರಿನಲ್ಲಿ ಹುಟ್ಟಿದರು. ಇದು ಈಗಿನ ಕೇರಳ ರಾಜ್ಯದಲ್ಲಿ ಪಂಪಾ ನದಿಯ ದಡದಲ್ಲಿರುವ ಊರು. ೧೮೯೫ನೆಯ ಇಸವಿಯಿಂದ ನದಿಯ ಮರಳಿನ ಮೇಲೆ ವರುಷವರುಷವೂ ಕೂಡಿಬರುವ ಮಾರಾಮಣ್ ಎಂಬ ದೊಡ್ಡ ಸುವಾರ್ತಾಕೂಟದ ಸ್ಥಳವು ಇದಕ್ಕೆ ಬಹು ಸಮೀಪವಾಗಿದೆ. ಅವರ ಪೂರ್ಣ ಹೆಸರು ಮಾಡತಿಲ್‌ಪರಂಬಿಲ್ ಮಮ್ಮನ್ ಥಾಮಸ್. ಅವರ ಮನೆಯವರು ಮಾರ್ ತೋಮಾ ಸಭೆಗೆ ಸೇರಿದವರು. ಆ ಸಭೆಯವರು ತಮ್ಮ ಮೂಲವನ್ನು ಅಪೊಸ್ತಲನಾದ ತೋಮನಿಂದ ಎಣಿಸಿಕೊಳ್ಳುತ್ತಾರೆ. ಅವರು ಸುರಿಯಾನಿ ಆರಾಧನೆಯ ಹಳೇ ಕ್ರಮವನ್ನು ಬಿಡದೆ ಇಟ್ಟುಕೊಂಡು, ಹತ್ತೊಂಭತ್ತನೆಯ ಶತಮಾನದಲ್ಲಿ ಸತ್ಯವೇದಕ್ಕೆ ಅನುಸಾರವಾಗಿ ತಮ್ಮನ್ನು ತಿದ್ದಿಕೊಂಡವರು.

೧೯೩೧ನೆಯ ಇಸವಿಯಲ್ಲಿ ಥಾಮಸರು ತಿರುವನಂತಪುರಕ್ಕೆ ಹೋಗಿ ಕಾಲೇಜಿಗೆ ಸೇರಿ ರಸಾಯನಶಾಸ್ತ್ರವನ್ನು ಕಲಿತರು. ಅಲ್ಲಿ ಮೊದಲನೆಯ ವರುಷದಲ್ಲಿಯೇ ಅವರ ಹೃದಯದಲ್ಲಿ ದೊಡ್ಡ ಬದಲಾವಣೆಯುಂಟಾಯಿತು. ಹುಟ್ಟಿನಿಂದ ಬಂದ ಕ್ರೈಸ್ತತನವು ಸಾಲದೆಂದೂ, ಪಾಪಿಯಾದ ತನಗೋಸ್ಕರ ಕ್ರಿಸ್ತನು ಪ್ರಾಣಕೊಟ್ಟನೆಂದೂ, ಆತನ ಕ್ಷಮೆಯು ತನಗೆ ದೊರೆಯಿತೆಂದೂ ಅವರು ನಿಶ್ಚಯವಾಗಿ ತಿಳಿದುಕೊಂಡರು. ಪ್ರಾರ್ಥನೆಯಲ್ಲಿಯೂ ಸುವಾರ್ತಾಸೇವೆಯಲ್ಲಿಯೂ ಬಹಳ ಆಸಕ್ತಿಯುಳ್ಳವರಾದರು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಯಾಕಂದರೆ ಮುಂದೆ ಅನೇಕರು ಅವರನ್ನು ಕುರಿತು, ಇವರು ಆತ್ಮವನ್ನು ಮರೆತು ಹೊಟ್ಟೆಯ ವಿಷಯವನ್ನೇ ಹಿಡಿದರೆಂದು ದೂರು ಹೇಳಿದರು. ಆದರೆ ಅವರು ಹೊರಟದ್ದು ಶಿಲುಬೆಯ ಬುಡದಿಂದಲೇ.

೨. ಮುಚ್ಚಿದ ಎರಡು ಬಾಗಿಲುಗಳು

ಕಾಲೇಜನ್ನು ಮುಗಿಸಿದ ಮೇಲೆ ಥಾಮಸರು ಪೆರುಂಬಾವೂರಿನಲ್ಲಿ ಮಾರ್ ತೋಮಾ ಸಭೆಯವರ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಅದು ತಿರುವಾಂಕೂರಿನಲ್ಲಿ ಬಹು ಗದ್ದಲದ ಕಾಲ. ಕೆಳಜಾತಿಯೆನ್ನಿಸಿಕೊಂಡ ಜನರು ದಾರಿಗಾಗಿಯೂ ಶಾಲೆಗಾಗಿಯೂ ಹೋರಾಡುತ್ತಿದ್ದರು. ೧೯೩೬ನೆಯ ಇಸವಿ ನವೆಂಬರ್ ೧೨ರಂದು ಅಲ್ಲಿಯ ಮಹಾರಾಜರು ದೇವಸ್ಥಾನಗಳನ್ನು ಹಿಂದುಗಳೆಲ್ಲರಿಗೂ ತೆರೆದು ರಾಜಾಜ್ಞೆ ಹೊರಡಿಸಿದರು. ಇತ್ತ ಸ್ವರಾಜ್ಯದ ಚಳುವಳಿಯೂ ಅತ್ತ ಕೂಲಿಗಾರರ ಸಂಘಗಳೂ ಬಲವಾಗುತ್ತಿದ್ದವು. ಥಾಮಸರು ತಿರುವನಂತಪುರಕ್ಕೆ ಹಿಂದಿರುಗಿ, ಬೀದಿಯಲ್ಲಿ ಅಲೆದಾಡುವ ದಿಕ್ಕಿಲ್ಲದ ಹುಡುಗರನ್ನು ಕೂಡಿಸಿ ಅವರಿಗೆ ಅನ್ನ, ಮನೆ, ಕಲಿಕೆಗಳನ್ನು ಒದಗಿಸುವ ಕೆಲಸದಲ್ಲಿ ತೊಡಗಿದರು.

ಈ ಕೆಲಸವು ಅವರಿಗೆ ಹೊಸ ಪಾಠವನ್ನು ಕಲಿಸಿತು. ಒಬ್ಬ ಹುಡುಗನನ್ನು ಬೀದಿಯಿಂದ ಎತ್ತಿದರೆ ಮತ್ತೊಬ್ಬನು ಅದೇ ಬೀದಿಗೆ ಬಂದು ಬೀಳುತ್ತಾನೆ. ಬೀಳುವವನನ್ನು ಎತ್ತುವದು ಕರುಣೆಯ ಕೆಲಸ. ಬೀಳುವಂತೆ ಮಾಡುವದು ಯಾವದೆಂದು ವಿಚಾರಿಸಿ ಅದನ್ನು ಸರಿಪಡಿಸುವದು ನ್ಯಾಯದ ಕೆಲಸ. ಎರಡೂ ಬೇಕೆಂದು ತಿಳಿದು ಅವರು ಗಾಂಧಿಯವರ ಬರಹಗಳನ್ನೂ ಮಾರ್ಕ್ಸ್ ಎಂಬ ಜರ್ಮನಿಯ ಪಂಡಿತನ ಗ್ರಂಥಗಳನ್ನೂ ಶ್ರದ್ಧೆಯಿಂದ ಓದಿದರು. ಬಡತನವು ವಿಧಿಯಿಂದಲ್ಲ, ಮನುಷ್ಯರು ಏರ್ಪಡಿಸಿಕೊಂಡ ವ್ಯವಸ್ಥೆಯಿಂದ ಬರುತ್ತದೆಂಬ ಮಾತನ್ನು ಅವರು ಮಾರ್ಕ್ಸನಿಂದ ತೆಗೆದುಕೊಂಡರು. ಆದರೆ ವ್ಯವಸ್ಥೆಯು ಬದಲಾದ ಮಾತ್ರಕ್ಕೆ ಮನುಷ್ಯನ ದುರಾಶೆಯು ಹೋಗುವದಿಲ್ಲವೆಂದೂ, ಪಾಪದ ಬೇರು ಅದಕ್ಕಿಂತ ಆಳದಲ್ಲಿದೆಯೆಂದೂ ಸತ್ಯವೇದದಿಂದ ಕಲಿತದ್ದನ್ನು ಅವರು ಬಿಡಲಿಲ್ಲ.

ಆಗ ಒಂದು ಅಪರೂಪವಾದ ಸಂಗತಿ ನಡೆಯಿತು. ೧೯೪೦ರ ನಂತರದ ವರುಷಗಳಲ್ಲಿ ಥಾಮಸರು ತಮ್ಮ ಸಭೆಯಲ್ಲಿ ಪಾದ್ರಿಯಾಗಿ ಅಭಿಷೇಕ ಹೊಂದಬೇಕೆಂದು ಕೇಳಿಕೊಂಡರು. ಅದೇ ಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿ ಸೇರಬೇಕೆಂದೂ ಕೇಳಿಕೊಂಡರು. ಇವರಲ್ಲಿ ಕಮ್ಯುನಿಸ್ಟ್ ವಿಚಾರವಿದೆಯೆಂದು ಸಭೆಯವರು ಒಪ್ಪಲಿಲ್ಲ. ಇವರು ಕ್ರಿಸ್ತನನ್ನು ನಂಬಿದವರೆಂದು ಪಕ್ಷದವರೂ ಒಪ್ಪಲಿಲ್ಲ. ಎರಡು ಬಾಗಿಲುಗಳೂ ಮುಚ್ಚಿಹೋದವು. ಬೇರೊಬ್ಬನಾಗಿದ್ದರೆ ಒಂದನ್ನು ಬಿಟ್ಟು ಮತ್ತೊಂದರಲ್ಲಿ ಪ್ರವೇಶವನ್ನು ಸಂಪಾದಿಸುತ್ತಿದ್ದನು. ಥಾಮಸರು ಸಭೆಯನ್ನು ತೊರೆಯಲಿಲ್ಲ, ಬಡವರ ಪಕ್ಷವನ್ನೂ ತೊರೆಯಲಿಲ್ಲ. ಕಡೆಯವರೆಗೂ ಪಾದ್ರಿಯ ಪದವಿಯಿಲ್ಲದೆ ಸಾಮಾನ್ಯ ಸಭಿಕರಾಗಿಯೇ ದೇವರ ಸೇವೆಮಾಡಿದರು.

೩. ಜಿನೀವಾದಿಂದ ಬೆಂಗಳೂರಿಗೆ

೧೯೪೭ನೆಯ ಇಸವಿಯು ನಮ್ಮ ಜನರಿಗೆ ಎರಡು ವಿಧದಲ್ಲಿ ಸ್ಮರಣೀಯವಾದದ್ದು. ಆಗಸ್ಟ್ ೧೫ರಂದು ದೇಶವು ಸ್ವತಂತ್ರವಾಯಿತು. ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನಿನಿಂದ ಹುಟ್ಟಿದ ಸಭೆಗಳೂ ಅದರಲ್ಲಿ ಕೂಡಿಕೊಂಡವು. ಅದೇ ವರುಷದಲ್ಲಿ ಥಾಮಸರು ಲೋಕದ ಕ್ರೈಸ್ತ ವಿದ್ಯಾರ್ಥಿಗಳ ಒಕ್ಕೂಟದ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿ ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣಕ್ಕೆ ಹೋದರು. ಯುದ್ಧದಿಂದ ಹಾಳಾಗಿದ್ದ ಯುರೋಪನ್ನು ಅವರು ಕಣ್ಣಾರೆ ಕಂಡರು. ಮುಂದಿನ ವರುಷ, ೧೯೪೮ರ ಆಗಸ್ಟ್ ತಿಂಗಳಲ್ಲಿ, ಆಮ್‌ಸ್ಟರ್‌ಡ್ಯಾಮ್ ಪಟ್ಟಣದಲ್ಲಿ ೧೪೭ ಸಭೆಗಳು ಕೂಡಿ ಲೋಕದ ಸಭೆಗಳ ಪರಿಷತ್ತನ್ನು ಸ್ಥಾಪಿಸಿದವು. ಏಷ್ಯಾ ಆಫ್ರಿಕಾ ಖಂಡಗಳಲ್ಲಿ ಒಂದಾದ ಮೇಲೊಂದು ದೇಶವು ಪರರ ಆಳಿಕೆಯಿಂದ ಬಿಡುಗಡೆಯಾಗುತ್ತಿತ್ತು. ಈ ಬಿಡುಗಡೆಯಲ್ಲಿ ದೇವರ ಕೈಯಿದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಥಾಮಸರು ಆಗಲೇ ಎತ್ತಿದರು, ಇದೆಯೆಂದು ಉತ್ತರಕೊಟ್ಟರು. ಆದರೆ ಅದರಲ್ಲಿ ಮನುಷ್ಯರ ಅಹಂಕಾರವೂ ಬೆರೆತಿರುವದರಿಂದ ಕ್ರಿಸ್ತನ ನ್ಯಾಯತೀರ್ಪಿಗೆ ಅದೂ ಒಳಗಾಗಬೇಕೆಂದರು.

೧೯೫೭ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಮತವನ್ನೂ ಸಮಾಜವನ್ನೂ ಕುರಿತು ವಿಚಾರಿಸುವ ಒಂದು ಕ್ರೈಸ್ತ ಸಂಸ್ಥೆಯು ಸ್ಥಾಪಿತವಾಯಿತು. ಅದರ ಮುಖ್ಯಸ್ಥರು ಪಿ. ಡಿ. ದೇವಾನಂದನ್. ಇವರು ಮೊದಲು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬೋಧಕರಾಗಿದ್ದವರು, ಹಿಂದೂ ಧರ್ಮದ ಗ್ರಂಥಗಳನ್ನು ಚೆನ್ನಾಗಿ ಬಲ್ಲವರು. ಥಾಮಸರು ಅವರ ಸಹಾಯಕರಾಗಿ ಬಂದರು. ೧೯೬೨ರ ಆಗಸ್ಟ್ ತಿಂಗಳಲ್ಲಿ ದೇವಾನಂದನ್ ಅವರು ತೀರಿಹೋಗಲು, ಸಂಸ್ಥೆಯ ಭಾರವೆಲ್ಲಾ ಥಾಮಸರ ಮೇಲೆ ಬಿತ್ತು. ಪಂಚಾಯಿತಿ, ಭೂಮಿ, ಜಾತಿ, ಕೂಲಿಗಾರರ ಸಂಘ ಮುಂತಾದ ವಿಷಯಗಳನ್ನು ಕ್ರೈಸ್ತರೂ ಬೇರೆ ಮತದವರೂ ಒಂದೇ ಕೋಣೆಯಲ್ಲಿ ಕುಳಿತು ವಿಚಾರಿಸುವದು ಅಲ್ಲಿಯ ಕ್ರಮವಾಗಿತ್ತು.

೪. ಗೋದಿಯ ಹಡಗುಗಳೂ ಉಪ್ಸಲದ ಮಹಾಸಭೆಯೂ

೧೯೬೫ ಮತ್ತು ೧೯೬೬ನೆಯ ಇಸವಿಗಳಲ್ಲಿ ದೇಶದ ಅನೇಕ ಭಾಗಗಳಲ್ಲಿ ಮಳೆಯು ತಪ್ಪಿಹೋಯಿತು. ೧೯೬೬ರಲ್ಲಿ ಸುಮಾರು ಒಂದು ಕೋಟಿ ಟನ್ನು ಧಾನ್ಯವು ಹೊರದೇಶಗಳಿಂದ ಹಡಗುಗಳಲ್ಲಿ ಬಂತು. ಅದರಲ್ಲಿ ಹೆಚ್ಚಿನದು ಅಮೇರಿಕಾದ ಗೋದಿ. ಹಸಿದವರ ಪ್ರಾಣ ಉಳಿಯಿತು, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಆ ಗೋದಿಯನ್ನು ಅಮೇರಿಕಾದ ಅಧ್ಯಕ್ಷರು ತಿಂಗಳು ತಿಂಗಳಿಗೆ ಅಳೆದು ಕೊಡಿಸಿದರು. ನಮ್ಮ ಸರಕಾರವು ತಮ್ಮ ಇಷ್ಟದಂತೆ ನಡೆಯಲೆಂಬದು ಅದರ ಉದ್ದೇಶವಾಗಿತ್ತು. ೧೯೬೬ರ ಜೂನ್ ೬ರಂದು ನಮ್ಮ ಹಣದ ಬೆಲೆಯನ್ನೂ ಇಳಿಸಬೇಕಾಯಿತು. ೪ ರೂಪಾಯಿ ೭೬ ಪೈಸೆಗೆ ಸಿಗುತ್ತಿದ್ದ ಅಮೇರಿಕಾ ಡಾಲರು ೭ ರೂಪಾಯಿ ೫೦ ಪೈಸೆಯಾಯಿತು. ಕೊಡುವವನ ಕೈ ಮೇಲಿದ್ದರೆ ತೆಗೆದುಕೊಳ್ಳುವವನ ತಲೆ ತಗ್ಗಲೇಬೇಕು.

ದೇಶದೇಶಗಳ ನಡುವಿನ ಈ ಏರುತಗ್ಗು ಹೇಗೆಂಬದನ್ನು ನಮ್ಮ ರೈತರು ಸುಲಭವಾಗಿ ಗ್ರಹಿಸಬಲ್ಲರು. ಪಾವಗಡದ ರೈತನು ಕಡಲೇಕಾಯಿಯನ್ನು ಮಂಡಿಗೆ ತೆಗೆದುಕೊಂಡು ಹೋದಾಗ ಬೆಲೆಯನ್ನು ಹೇಳುವವನು ಕೊಳ್ಳುವವನು. ಅವನೇ ಗೊಬ್ಬರದ ಅಂಗಡಿಗೆ ಹೋದಾಗ ಬೆಲೆಯನ್ನು ಹೇಳುವವನು ಮಾರುವವನು. ಮಾರುವಾಗಲೂ ಕೊಳ್ಳುವಾಗಲೂ ರೈತನ ಮಾತು ನಡೆಯುವದಿಲ್ಲ. ಹಾಗೆಯೇ ಕಾಫಿ, ಟೀ, ರಬ್ಬರು, ಸೆಣಬುಗಳನ್ನು ಬೆಳೆಯುವ ಬಡ ದೇಶಗಳು ತಮ್ಮ ಬೆಳೆಗೆ ಬೆಲೆಯನ್ನು ನೇಮಿಸಲಾರವು. ಯಂತ್ರಗಳನ್ನು ಮಾಡುವ ಧನಿಕ ದೇಶಗಳು ಎರಡು ಕಡೆಯ ಬೆಲೆಯನ್ನೂ ತಾವೇ ನೇಮಿಸುತ್ತವೆ. ಇದನ್ನು ಸರಿಪಡಿಸಬೇಕೆಂದು ಬಡ ದೇಶಗಳವರು ೧೯೬೪ರಲ್ಲಿ ಜಿನೀವಾದಲ್ಲಿಯೂ ೧೯೬೮ರಲ್ಲಿ ದೆಹಲಿಯಲ್ಲಿಯೂ ಲೋಕದ ವ್ಯಾಪಾರವನ್ನು ಕುರಿತ ಮಹಾಸಮ್ಮೇಳನಗಳಲ್ಲಿ ವಾದಿಸಿದರು.

ಈ ಮಾತುಗಳು ಕ್ರೈಸ್ತಸಭೆಗಳ ಒಳಕ್ಕೂ ಬಂದವು. ೧೯೬೬ರ ಜುಲೈ ತಿಂಗಳಲ್ಲಿ ಸಭೆಯನ್ನೂ ಸಮಾಜವನ್ನೂ ಕುರಿತು ಲೋಕದ ಸಭೆಗಳ ಪರಿಷತ್ತಿನವರು ಜಿನೀವಾದಲ್ಲಿ ಸಮ್ಮೇಳನವನ್ನು ಕೂಡಿಸಿದಾಗ, ಅಗ್ರಾಸನದಲ್ಲಿ ಕುಳಿತವರು ನಮ್ಮ ಥಾಮಸರು. ಎರಡು ವರುಷಗಳ ಮೇಲೆ, ೧೯೬೮ರ ಜುಲೈ ತಿಂಗಳಲ್ಲಿ, ಪರಿಷತ್ತಿನ ನಾಲ್ಕನೆಯ ಮಹಾಸಭೆಯು ಸ್ವೀಡನ್ ದೇಶದ ಉಪ್ಸಲದಲ್ಲಿ ಕೂಡಿತು. ಅಲ್ಲಿ ಆರಂಭದ ಪ್ರಸಂಗವನ್ನು ಮಾಡಬೇಕಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಎಂಬ ಕರಿಯ ಜನಾಂಗದ ಬೋಧಕರು ಏಪ್ರಿಲ್ ೪ರಂದು ಗುಂಡಿಗೆ ಬಲಿಯಾಗಿದ್ದರು. ಆ ದುಃಖದ ನೆರಳಿನಲ್ಲಿ ಕೂಡಿದ ಮಹಾಸಭೆಯು, ಧನಿಕ ದೇಶಗಳು ತಮ್ಮ ಉತ್ಪತ್ತಿಯಲ್ಲಿ ನೂರಕ್ಕೆ ಒಂದು ಪಾಲನ್ನಾದರೂ ಬಡ ದೇಶಗಳ ಏಳಿಗೆಗೆ ಕೊಡಬೇಕೆಂದು ಕೇಳಿತು. ವ್ಯಾಪಾರದ ಅನ್ಯಾಯವಾದ ಕ್ರಮಗಳನ್ನು ಬದಲಾಯಿಸಬೇಕೆಂದೂ ಒತ್ತಾಯಪಡಿಸಿತು. ಪರಿಷತ್ತಿನ ಮೊದಲನೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ವಿಸರ್ಟ್ ಹೂಫ್ಟ್ ಎಂಬ ಡಚ್ ದೇಶದ ವೃದ್ಧರು ಅಲ್ಲಿ ಒಂದು ಕಠಿಣವಾದ ಮಾತನ್ನು ಆಡಿದರು. ವಿಶ್ವಾಸಪ್ರಮಾಣದ ಒಂದು ಅಂಶವನ್ನು ಅಲ್ಲಗಳೆಯುವವನು ಹೇಗೆ ದುರ್ಬೋಧನೆಯ ದೋಷಕ್ಕೆ ಗುರಿಯಾಗುತ್ತಾನೋ, ಲೋಕದ ಯಾವ ಮೂಲೆಯಲ್ಲಿಯಾದರೂ ಕಷ್ಟಪಡುವವನ ವಿಷಯದಲ್ಲಿ ತನಗೆ ಹೊಣೆಯಿಲ್ಲವೆಂದು ನಡೆಯುವ ಸಭಿಕನೂ ಹಾಗೆಯೇ ಗುರಿಯಾಗುತ್ತಾನೆಂಬದು ಅದರ ತಾತ್ಪರ್ಯ. ಹೀಗೆ ಬಡವರ ನ್ಯಾಯವು ಧರ್ಮಕಾರ್ಯಗಳ ಪಟ್ಟಿಯಿಂದ ಎದ್ದು ಉಪದೇಶದ ಪಂಕ್ತಿಯಲ್ಲಿ ಬಂದು ಕುಳಿತಿತು. ಅದೇ ಮಹಾಸಭೆಯ ಕಾಲದಲ್ಲಿ ಥಾಮಸರು ಪರಿಷತ್ತಿನ ಮಧ್ಯಸ್ಥ ಸಮಿತಿಗೆ ಅಧ್ಯಕ್ಷರಾಗಿ ಆರಿಸಲ್ಪಟ್ಟರು. ಏಷ್ಯಾದವರಲ್ಲಿಯೂ, ಅಭಿಷೇಕವಿಲ್ಲದ ಸಭಿಕರಲ್ಲಿಯೂ ಆ ಸ್ಥಾನಕ್ಕೆ ಬಂದವರಲ್ಲಿ ಅವರೇ ಮೊದಲನೆಯವರು. ಮರುವರುಷವೇ ಅವರ ಪತ್ನಿ ಪೆಣ್ಣಮ್ಮನವರು ರೋಗದಿಂದ ತೀರಿಕೊಂಡರು. ಮಾನವೂ ದುಃಖವೂ ಒಟ್ಟಿಗೇ ಬಂದವು.

೫. ಉಪದೇಶವನ್ನು ಕುರಿತ ವಿವಾದ

ಎಲ್ಲರೂ ಇದನ್ನು ಒಪ್ಪಲಿಲ್ಲ. ಒಪ್ಪದವರು ಸಾಮಾನ್ಯರೂ ಅಲ್ಲ. ಡೊನಾಲ್ಡ್ ಮೆಕ್‌ಗ್ಯಾವ್ರನ್ ಎಂಬವರು ನಮ್ಮ ದೇಶದ ದಮೋಹದಲ್ಲಿಯೇ ಹುಟ್ಟಿ, ಮಧ್ಯಪ್ರಾಂತಗಳಲ್ಲಿ ಅನೇಕ ವರುಷ ಮಿಷನರಿಯಾಗಿದ್ದವರು. ಲೋಕದಲ್ಲಿ ಇನ್ನೂ ೨೦೦ ಕೋಟಿ ಜನರು ಕ್ರಿಸ್ತನ ಹೆಸರನ್ನು ಕೇಳದಿರುವಾಗ, ಸಭೆಯು ಗೋದಿಯನ್ನೂ ವ್ಯಾಪಾರವನ್ನೂ ಕುರಿತು ಮಾತಾಡಿ ಅವರನ್ನು ಕೈಬಿಡುವದೋ ಎಂದು ಅವರು ಕೇಳಿದರು. ೧೯೭೦ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕೂಡಿದ ಕೆಲವು ವೇದಪಂಡಿತರು, ಮಿಷನ್ ಸೇವೆಯ ಗುರಿಯು ದೇವರ ಮಹಿಮೆಯೂ ಪಾಪಿಗಳ ರಕ್ಷಣೆಯೂ ಆಗಿದೆಯೇ ಹೊರತು ಸಮಾಜದ ತಿದ್ದುಪಡಿಯಲ್ಲವೆಂದು ಪ್ರಕಟಿಸಿದರು. ಅವರ ಭಯವು ನಿರಾಧಾರವಾದದ್ದಲ್ಲ. ಅನ್ನವು ಸಿಕ್ಕಿದ ಮೇಲೆ ಸಭೆಯನ್ನು ಮರೆತವರನ್ನು ನಮ್ಮ ಸೀಮೆಯಲ್ಲಿಯೂ ಕಂಡಿದ್ದೇವೆ.

ಥಾಮಸರು ಇದಕ್ಕೆ ಬೆಂಗಳೂರಿನಿಂದಲೇ ಉತ್ತರಕೊಟ್ಟರು. ರಕ್ಷಣೆಯನ್ನೂ ಮನುಷ್ಯತ್ವದ ಪೂರ್ಣತೆಯನ್ನೂ ಕುರಿತ ಅವರ ಚಿಕ್ಕ ಪುಸ್ತಕವು ೧೯೭೧ರಲ್ಲಿ ಹೊರಬಿತ್ತು. ಅದರ ಸಾರಾಂಶವು ಇದು. ಕ್ರಿಸ್ತನಲ್ಲಿ ದೊರೆಯುವ ರಕ್ಷಣೆಯೂ, ತುಳಿಯಲ್ಪಟ್ಟವರು ಮನುಷ್ಯರಾಗಿ ತಲೆಯೆತ್ತಿ ನಿಲ್ಲುವದೂ ಒಂದೇ ಅಲ್ಲ. ಆದರೆ ಒಂದನ್ನು ಮತ್ತೊಂದರಿಂದ ಹರಿದು ಬೇರೆಮಾಡುವದಕ್ಕೂ ಆಗದು. ದೇವರು ತನ್ನ ಸ್ವರೂಪದಲ್ಲಿ ಸೃಷ್ಟಿಸಿದ ಮನುಷ್ಯನನ್ನು ಜೀತಕ್ಕೆ ಕಟ್ಟಿಹಾಕಿದರೆ, ಅದು ಸೃಷ್ಟಿಕರ್ತನಿಗೆ ಮಾಡಿದ ಅವಮಾನ. ಪಾಪವು ಒಬ್ಬೊಬ್ಬನ ಹೃದಯದಲ್ಲಿ ಮಾತ್ರ ವಾಸಮಾಡದೆ, ಊರಿನ ಕಟ್ಟುಗಳಲ್ಲಿಯೂ ವ್ಯಾಪಾರದ ಕ್ರಮಗಳಲ್ಲಿಯೂ ಮನೆಮಾಡಿಕೊಂಡಿರುವದರಿಂದ, ಕ್ರಿಸ್ತನ ಜಯವು ಅಲ್ಲಿಗೂ ಮುಟ್ಟಬೇಕು.

ಈ ಪುಸ್ತಕವನ್ನು ವಿಮರ್ಶಿಸಿದವರು ಲೆಸ್ಲಿ ನ್ಯೂಬಿಗಿನ್. ಇವರು ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲನೆಯ ಬಿಷಪರಲ್ಲಿ ಒಬ್ಬರಾಗಿ, ಆಗ ಮದರಾಸಿನ ಬಿಷಪರಾಗಿದ್ದರು. ಥಾಮಸರ ಹಳೇ ಸ್ನೇಹಿತರು. ಇಬ್ಬರೂ ಬರೆದುಕೊಂಡ ಪತ್ರಗಳು ಬೆಂಗಳೂರಿನ ಸಂಸ್ಥೆಯ ತ್ರೈಮಾಸಿಕದಲ್ಲಿ ಅಚ್ಚಾದವು. ನ್ಯಾಯಕ್ಕಾಗಿ ದುಡಿಯಬೇಕೆಂಬದರಲ್ಲಿ ಅವರಿಗೆ ಭೇದವಿರಲಿಲ್ಲ. ಸಭೆಯೆಂದರೆ ಯಾವದು ಎಂಬದರಲ್ಲಿ ಭೇದವಿತ್ತು. ನಮ್ಮ ದೇಶದಲ್ಲಿ ದೀಕ್ಷಾಸ್ನಾನವು ಒಂದು ಜಾತಿಯನ್ನು ಬಿಟ್ಟು ಮತ್ತೊಂದು ಜಾತಿಗೆ ಸೇರುವದರಂತೆ ಆಗಿಹೋಗಿದೆಯೆಂದೂ, ಕ್ರಿಸ್ತನನ್ನು ನಂಬಿದವರು ತಮ್ಮ ಸ್ವಜನರ ನಡುವೆಯೇ ಇದ್ದು ಆತನ ಅನ್ಯೋನ್ಯತೆಯಲ್ಲಿ ಕೂಡಿರುವದಕ್ಕೆ ದಾರಿಯಿರಬೇಕೆಂದೂ ಥಾಮಸರು ವಾದಿಸಿದರು. ನ್ಯೂಬಿಗಿನ್ನರೋ, ಒಬ್ಬನೇ ಕರ್ತನನ್ನು ಪ್ರೀತಿಸುವವರು ಕಣ್ಣಿಗೆ ಕಾಣುವ ಒಂದು ದೇಹವಾಗಿ ಕೂಡಿಬಾರದಿದ್ದರೆ ಆ ಪ್ರೀತಿಯು ಎಲ್ಲಿ ಬೇರೂರುವದೆಂದು ಕೇಳಿದರು.

ಇದು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ಮಾತೆಂದು ವಾಚಕರು ದಾಟಿಹೋಗಬಾರದು. ದೀಕ್ಷಾಸ್ನಾನವು ಏನು ಬೆಲೆ ಕೇಳುತ್ತದೆಂದು ನಮ್ಮ ಗ್ರಾಮಗಳವರಿಗೆ ಗೊತ್ತುಂಟು. ೧೯೫೦ನೆಯ ಇಸವಿ ಆಗಸ್ಟ್ ೧೦ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಹಿಂದುಗಳಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನವು ದೊರೆಯಿತು, ೧೯೫೬ರಲ್ಲಿ ಸಿಖ್ಖರೂ ೧೯೯೦ರಲ್ಲಿ ಬೌದ್ಧರೂ ಅದರಲ್ಲಿ ಸೇರಿಸಲ್ಪಟ್ಟರು, ಕ್ರೈಸ್ತರು ಸೇರಲಿಲ್ಲ. ಆದದರಿಂದ ಒಂದೇ ಕೇರಿಯಲ್ಲಿ ಹುಟ್ಟಿ ಒಂದೇ ಹೊಲದಲ್ಲಿ ಕೂಲಿಮಾಡುವ ಅಣ್ಣತಮ್ಮಂದಿರಲ್ಲಿ, ಸ್ನಾನಹೊಂದಿದವನಿಗೆ ಒಂದು ಲೆಕ್ಕ, ಹೊಂದದವನಿಗೆ ಮತ್ತೊಂದು ಲೆಕ್ಕ. ಉಪದೇಶದ ಪ್ರಶ್ನೆಯೂ ಅನ್ನದ ಪ್ರಶ್ನೆಯೂ ಇಲ್ಲಿ ಒಂದೇ ಗಂಟಾಗಿವೆ. ಥಾಮಸರು ತೋರಿಸಿದ ದಾರಿಯು ನಮಗೆ ಪೂರ್ಣವಾಗಿ ಒಪ್ಪಿಗೆಯಾಗದಿರಬಹುದು. ಕರ್ತನ ಭೋಜನಕ್ಕೆ ಒಂದೇ ಸಾಲಿನಲ್ಲಿ ಕುಳಿತ ಸಭೆಯೇ ಅನೇಕರಿಗೆ ಮೊದಲನೆಯ ಸಾರಿ ಮನುಷ್ಯರ ಮಾನವನ್ನು ಕೊಟ್ಟಿತು. ಆದರೂ ಅವರು ಕೇಳಿದ ಪ್ರಶ್ನೆಯು ನಮ್ಮದೇ.

ವಿವಾದವು ಅಲ್ಲಿಗೆ ನಿಲ್ಲಲಿಲ್ಲ. ಜನಾಂಗಭೇದವನ್ನು ಎದುರಿಸುವದಕ್ಕೆ ಪರಿಷತ್ತು ೧೯೬೯ರಲ್ಲಿ ಒಂದು ಕಾರ್ಯವನ್ನು ಏರ್ಪಡಿಸಿ, ದಕ್ಷಿಣ ಆಫ್ರಿಕಾ ಸೀಮೆಗಳಲ್ಲಿ ಬಿಳಿಯರ ಆಳಿಕೆಗೆ ವಿರೋಧವಾಗಿ ಹೋರಾಡುವ ಸಂಘಗಳಿಗೆ ೧೯೭೦ರಿಂದ ಹಣದ ಸಹಾಯಮಾಡಿತು. ಇದು ಖಡ್ಗ ಹಿಡಿದವರಿಗೆ ಸಭೆಯ ಕಾಣಿಕೆಯನ್ನು ಕೊಟ್ಟಂತಾಯಿತೆಂದು ದೊಡ್ಡ ಕೂಗೆದ್ದಿತು. ಅಧ್ಯಕ್ಷರಾದ ಥಾಮಸರು ಆ ಕೂಗನ್ನೆಲ್ಲಾ ಎದುರಿಸಬೇಕಾಯಿತು. ೧೯೭೨ರ ಕಡೆಯಲ್ಲಿಯೂ ೧೯೭೩ರ ಆರಂಭದಲ್ಲಿಯೂ ಬ್ಯಾಂಕಾಕಿನಲ್ಲಿ ಈ ಕಾಲದ ರಕ್ಷಣೆಯ ಅರ್ಥವೇನೆಂಬದನ್ನು ಕುರಿತು ಸಮ್ಮೇಳನವಾದಾಗ ಅವರು ಮುಖ್ಯ ಉಪನ್ಯಾಸಕರಲ್ಲಿ ಒಬ್ಬರಾಗಿದ್ದರು. ಮರುವರುಷ, ೧೯೭೪ರ ಜುಲೈ ತಿಂಗಳಲ್ಲಿ, ಆತ್ಮರಕ್ಷಣೆಯನ್ನೇ ಮುಖ್ಯವಾಗಿ ಹಿಡಿದವರು ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ಕೂಡಿದರು. ಜಾನ್ ಸ್ಟಾಟ್ ಎಂಬ ಆಂಗ್ಲ ಪಾದ್ರಿಗಳು ಮುಂದಾಳಾಗಿ ಬರೆದ ಅವರ ಒಡಂಬಡಿಕೆಯಲ್ಲಿ, ಸಮಾಜಸೇವೆಯೇ ಸುವಾರ್ತೆಯಲ್ಲವೆಂದು ಹೇಳಿದರೂ, ಎರಡೂ ಕ್ರೈಸ್ತನ ಕರ್ತವ್ಯವೆಂದು ಒಪ್ಪಿಕೊಂಡು, ಅದನ್ನು ಮರೆತದ್ದಕ್ಕಾಗಿ ಪಶ್ಚಾತ್ತಾಪವನ್ನೂ ತಿಳಿಸಿದರು. ಹೀಗೆ ದೂರದಿಂದ ಒಬ್ಬರನ್ನೊಬ್ಬರು ಬೈದವರು ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ಬಂದರು.

೬. ಕಡೆಯ ವರುಷಗಳು

೧೯೭೫ರ ಜೂನ್ ತಿಂಗಳಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿಯು ಹೊರಡಿಸಲ್ಪಟ್ಟಿತು. ಸಭೆಯ ನಾಯಕರಲ್ಲಿ ಅನೇಕರು ಸುಮ್ಮನಿದ್ದರು, ಥಾಮಸರು ಸುಮ್ಮನಿರಲಿಲ್ಲ. ಬಡವರಿಗೆ ಅನ್ನ ಕೊಡುವದಕ್ಕಾಗಿ ಬಾಯಿ ಕಟ್ಟಬೇಕೆಂಬ ವಾದವನ್ನು ಅವರು ಒಪ್ಪದೆ, ಬಾಯಿ ಕಟ್ಟಿದವನಿಗೆ ತನ್ನ ಅನ್ನವನ್ನು ಕೇಳುವ ಶಕ್ತಿಯೂ ಹೋಗುತ್ತದೆಂದು ತಿಳಿದು ಬರೆದರು. ಅದೇ ವರುಷದ ಕಡೆಯಲ್ಲಿ ನೈರೋಬಿಯಲ್ಲಿ ಕೂಡಿದ ಐದನೆಯ ಮಹಾಸಭೆಯಲ್ಲಿ ಅವರ ಅಧ್ಯಕ್ಷತ್ವವು ಮುಗಿಯಿತು. ನ್ಯಾಯಕ್ಕಾಗಿ ಹೋರಾಡುವವರಿಗೆ ಪ್ರಾರ್ಥನೆಯೂ ಆತ್ಮಿಕ ಬಲವೂ ಬೇಕೆಂದು ಅವರು ಅಲ್ಲಿ ನೆನಪುಮಾಡಿಕೊಟ್ಟರು.

ತರುವಾಯ ಅವರು ಬೆಂಗಳೂರನ್ನು ಬಿಟ್ಟು ತಿರುವಲ್ಲಕ್ಕೆ ಹೋಗಿ, ಮಲೆಯಾಳ ಭಾಷೆಯಲ್ಲಿ ಸತ್ಯವೇದದ ಪುಸ್ತಕಗಳಿಗೆ ವ್ಯಾಖ್ಯಾನಗಳನ್ನು ಬರೆದರು. ಅವರ ಕಾರ್ಯದಲ್ಲಿ ಕೊರತೆಯಿರಲಿಲ್ಲವೆಂದು ಹೇಳುವದು ಚರಿತ್ರೆಗೆ ದ್ರೋಹವಾದೀತು. ಕ್ರಿಸ್ತನನ್ನು ಗೌರವಿಸಿದ ಹಿಂದೂ ದೇಶಭಕ್ತರನ್ನು ಕುರಿತ ಅವರ ಪ್ರಸಿದ್ಧ ಗ್ರಂಥದಲ್ಲಿ ರಾಮಮೋಹನ ರಾಯರು, ವಿವೇಕಾನಂದರು, ಗಾಂಧಿಯವರು ಮುಂತಾದ ಮೇಲುವರ್ಗದ ವಿದ್ಯಾವಂತರ ಮಾತೇ ತುಂಬಿದೆ. ಕೇರಿಯ ಜನರ ದನಿಯು ಅದರಲ್ಲಿ ಕಡಿಮೆ. ೧೯೮೧ರಲ್ಲಿ ಅರವಿಂದ ನಿರ್ಮಲ್ ಎಂಬ ವೇದಪಂಡಿತರು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾತಾಡಿ, ಭಾರತದ ಕ್ರೈಸ್ತ ವಿಚಾರವು ಮೇಲುಜಾತಿಯ ದಾರಿಯಲ್ಲಿಯೇ ನಡೆದಿದೆಯೆಂದು ತೋರಿಸಿದರು. ದಲಿತರ ವೇದವಿಚಾರವೆಂಬದು ಅಲ್ಲಿಂದ ಬೆಳೆಯಿತು. ಥಾಮಸರೂ ತಮ್ಮ ಮುಪ್ಪಿನಲ್ಲಿ ದಲಿತರು, ಗುಡ್ಡಗಾಡಿನವರು, ಮೀನುಗಾರರು ಇವರ ಚಳುವಳಿಗಳ ಪಕ್ಷದಲ್ಲಿ ನಿಂತರು.

೧೯೯೦ರಲ್ಲಿ ಸರಕಾರವು ಅವರನ್ನು ನಾಗಾಲ್ಯಾಂಡ್ ರಾಜ್ಯಕ್ಕೆ ರಾಜ್ಯಪಾಲರನ್ನಾಗಿ ನೇಮಿಸಿತು. ೧೯೯೨ರಲ್ಲಿ ಅಲ್ಲಿಯ ಮುಖ್ಯಮಂತ್ರಿಯ ಸಲಹೆಯಂತೆ ಅವರು ಶಾಸನಸಭೆಯನ್ನು ವಿಸರ್ಜಿಸಲು, ಕೇಂದ್ರ ಸರಕಾರಕ್ಕೆ ಅದು ಹಿಡಿಸದೆ ಅವರನ್ನು ಪದವಿಯಿಂದ ತೆಗೆಯಿತು. ೧೯೯೬ನೆಯ ಇಸವಿ ಡಿಸೆಂಬರ್ ೩ರಂದು, ತಮ್ಮ ೮೦ನೆಯ ವಯಸ್ಸಿನಲ್ಲಿ, ರೈಲಿನಲ್ಲಿ ಪ್ರಯಾಣಮಾಡುತ್ತಿರುವಾಗ ಅವರು ಕರ್ತನಲ್ಲಿ ನಿದ್ರೆಹೋದರು.

೭. ಈ ಚರಿತ್ರೆಯಿಂದ ನಮಗೆ ಆಗುವ ಪ್ರಯೋಜನ

ಪ್ರಿಯ ವಾಚಕರೇ, ಜಿನೀವಾ ಉಪ್ಸಲಗಳ ಮಾತು ನಮಗೆ ದೂರವೆಂದು ತೋರಬಹುದು. ಆದರೆ ಲೋಕದ ವ್ಯವಹಾರವು ಈಗ ನಮ್ಮ ಹೊಲಗಳಿಗೇ ಬಂದಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಮಾಡುವ ದೊಡ್ಡ ಏರ್ಪಾಡು ನಡೆದಿದೆ. ೨೦೧೮ನೆಯ ಇಸವಿ ಮಾರ್ಚ್ ೧ರಂದು ಅದರ ಉದ್ಘಾಟನೆಯಾಯಿತು. ಅದರ ಶಕ್ತಿಯು ೨,೦೫೦ ಮೆಗಾವಾಟು. ಭೂಮಿಯನ್ನು ಕೊಂಡುಕೊಳ್ಳದೆ ೨೮ ವರುಷಗಳ ಗುತ್ತಿಗೆಗೆ ತೆಗೆದುಕೊಂಡು, ಎಕರೆಗೆ ವರುಷಕ್ಕೆ ೨೧,೦೦೦ ರೂಪಾಯಿಯಂತೆ ಮೊದಲು ಗೊತ್ತುಮಾಡಿದರು. ಮಳೆಯನ್ನು ನಂಬಿ ಸೋತಿದ್ದ ಹೊಲದ ಒಡೆಯನಿಗೆ ಇದು ದೊಡ್ಡ ಆಧಾರವಾಯಿತು. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ, ಬೀಳಿನಲ್ಲಿ ಕುರಿ ಮೇಯಿಸಿ ಜೀವಿಸಿದ ಭೂಮಿಯಿಲ್ಲದವನಿಗೆ ಗುತ್ತಿಗೆಯ ಪತ್ರದಲ್ಲಿ ಹೆಸರಿಲ್ಲ. ಹೊಗೆಯಿಲ್ಲದ ಶಕ್ತಿಯು ಲೋಕಕ್ಕೆಲ್ಲಾ ಬೇಕು. ಅದಕ್ಕಾಗಿ ತನ್ನ ಕೆಲಸವನ್ನು ಬಿಟ್ಟುಕೊಟ್ಟವನಿಗೆ ಸಿಕ್ಕಬೇಕಾದದ್ದು ಏನು? ಇದು ಸುವಾರ್ತೆಗೆ ಹೊರಗಿನ ಪ್ರಶ್ನೆಯೋ?

ಹೊರಗಿನದಲ್ಲವೆಂದು ಥಾಮಸರ ಜೀವಿತವು ತೋರಿಸುತ್ತದೆ. ಹೊಲ ದ್ರಾಕ್ಷೇತೋಟಗಳನ್ನು ಅಡವಿಟ್ಟು ಮಕ್ಕಳನ್ನು ಜೀತಕ್ಕೆ ಬಿಟ್ಟವರ ಕೂಗನ್ನು ಕೇಳಿದ ನೆಹೆಮೀಯನು, ಗೋಡೆ ಕಟ್ಟುವ ಕೆಲಸದ ನಡುವೆಯೇ ಧನಿಕರನ್ನು ಕರಿಸಿ ಬಡ್ಡಿಯನ್ನು ಬಿಡಿಸಿದನು. ಕೊಯ್ದವರ ಕೂಲಿಯನ್ನು ಹಿಡಿದಿಟ್ಟವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಗದರಿಸಿದನು. ಇವರಲ್ಲಿ ಯಾರೂ ದೇವರ ಆರಾಧನೆಯನ್ನು ಬಿಟ್ಟು ನ್ಯಾಯವನ್ನು ಹಿಡಿದವರಲ್ಲ. ಆರಾಧನೆಯಿಂದಲೇ ನ್ಯಾಯಕ್ಕೆ ಬಂದವರು. ಅದರಂತೆ, ಕ್ರಿಸ್ತನಿಲ್ಲದ ನ್ಯಾಯವು ಕಾಲಕ್ರಮದಲ್ಲಿ ಹೊಸ ಯಜಮಾನನನ್ನು ಹುಟ್ಟಿಸುತ್ತದೆಂಬದೂ, ನ್ಯಾಯವಿಲ್ಲದ ಭಕ್ತಿಯು ಹಳೇ ಯಜಮಾನನಿಗೆ ಕಾವಲು ಕೂರುತ್ತದೆಂಬದೂ ಥಾಮಸರ ಚರಿತ್ರೆಯಿಂದ ಕಲಿಯತಕ್ಕ ಪಾಠ.

ಹೀಗಿರಲಾಗಿ, ಪ್ರತಿ ಸಭೆಯ ಹಿರಿಯರೂ ತಮ್ಮ ತಮ್ಮಲ್ಲಿ ವಿಚಾರಿಸಿಕೊಳ್ಳಲಿ. ನಮ್ಮ ಸಭೆಯಲ್ಲಿ ಭೂಮಿಯುಳ್ಳವನು ತನ್ನ ಕೂಲಿಯಾಳಿಗೆ, ಹೆಣ್ಣಾಳಿಗೂ ಗಂಡಾಳಿಗೂ, ತಕ್ಕ ಕೂಲಿಯನ್ನು ಅದೇ ದಿನ ಕೊಡುತ್ತಾನೋ? ೧೯೭೬ನೆಯ ಇಸವಿಯ ಕಾಯಿದೆಯಿಂದ ಜೀತವು ನಿಷೇಧಿಸಲ್ಪಟ್ಟಿರಲಾಗಿ, ಸಾಲದ ಹೆಸರಿನಲ್ಲಿ ಅದು ಎಲ್ಲಿಯಾದರೂ ಉಳಿದಿದೆಯೋ? ಕಾಣಿಕೆಯ ತಟ್ಟೆಗೆ ಹಾಕುವ ಹಣದಲ್ಲಿ ಬೇರೊಬ್ಬನ ಬೆವರಿನ ಪಾಲು ಸೇರಿಕೊಂಡಿದೆಯೋ? ಲೋಕದ ವ್ಯಾಪಾರದ ಕ್ರಮವನ್ನು ತಿದ್ದುವದು ನಮ್ಮ ಕೈಯಲ್ಲಿಲ್ಲ. ನಮ್ಮ ಕಣದಲ್ಲಿ ಅಳೆಯುವ ಸೇರು ನಮ್ಮ ಕೈಯಲ್ಲಿದೆ. ಅಲ್ಲಿ ನಂಬಿಗಸ್ತರಾದವರಿಗೇ ದೊಡ್ಡ ವಿಷಯಗಳನ್ನು ಕುರಿತು ಮಾತಾಡುವ ಬಾಯಿ ಬರುತ್ತದೆ.